‘ಇನ್ನ ಕುಂದರ್ರಿ’ ಅನ್ನುವವರಿಗೆ

ನಮ್ಮ ಕಡೆ ಹೆಂಗಸಿಗೆ ಐವತ್ತೈದು ದಾಟಿ ಮನೆಗೊಬ್ಬ ಸೊಸೆ ಬಂದಳೆಂದರೆ ಸಾಕು, ಎಲ್ಲರೂ ಸೇರಿ ಅವಳಿಗೊಂದು ಪದವಿ ದಯಪಾಲಿಸುತ್ತಾರೆ. ಕುರ್ಚಿಯ ಪದವಿ. ‘ನೀ ಯಾಕ ಏಳ್ತೀಬೇ ಯವ್ವಾ, ಕುಂದ್ರು’ ಎಂದು ಮಗ. ‘ನಾ ಮಾಡ್ತೀನಿ ಅತ್ತಿ, ನೀವು ಕುಂದರ್ರಿ’ ಎಂದು ಸೊಸೆ. ‘ವಯಸ್ಸಾತಲ್ರಿ ಅಮ್ಮಾ, ಇನ್ನ ಇದು ಹಿಂಗ’ ಎಂದು ಡಾಕ್ಟರು. ಮೂವರದ್ದೂ ಒಳ್ಳೆಯ ಮನಸ್ಸೇ. ಅದಕ್ಕೇ ಈ ಮಾತಿನ ಮೇಲೆ ಜಗಳ ತೆಗೆಯುವುದು ಕಷ್ಟ. ಬೈದವರ ಮೇಲೆ ತಿರುಗಿ ಬೀಳಬಹುದು, ಪ್ರೀತಿಯಿಂದ ಕುರ್ಚಿ ಎಳೆದು ಹಾಕಿದವರಿಗೆ ಏನನ್ನಬೇಕು? ಆದರೂ ಈ ಜಗಳ ನಾನು ತೆಗೆಯಲೇಬೇಕಾಗಿದೆ. ಏಕೆಂದರೆ ನಾನು ಕಂಡ ಹಾಗೆ, ನಮ್ಮ ಊರುಗಳಲ್ಲಿ ಹೆಂಗಸರನ್ನು ಮುದುಕಿಯರನ್ನಾಗಿ ಮಾಡಿದ್ದು ವಯಸ್ಸಿಗಿಂತ ಹೆಚ್ಚಾಗಿ ಈ ಕುರ್ಚಿ.

ನನಗೀಗ ಅರವತ್ತನಾಲ್ಕು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಲಿಂಗಸುಗೂರಿನಲ್ಲಿ ಶುರುವಾದ ನೌಕರಿ ಮಸ್ಕಿಯಲ್ಲಿ ಬೆಳೆದು ಸಿಂಧನೂರಿನಲ್ಲಿ ಮುಗಿಯಿತು. ಈ ಮೂರೂ ಊರುಗಳ ಹೆಂಗಸರ ಮಂಡಿನೋವು, ಸೊಂಟನೋವು, ಶುಗರು, ಬಿ.ಪಿ.ಗಳ ಚರಿತ್ರೆ ಬರೆಯಲು ಕೂತರೆ ಮಸ್ಕಿಯ ಅಶೋಕನ ಶಾಸನಕ್ಕಿಂತ ದೊಡ್ಡ ಬಂಡೆ ಬೇಕಾದೀತು. ಆ ಶಾಸನದ ಒಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ‘ಅಶೋಕ’ ಎಂಬ ಹೆಸರು ಅದರಲ್ಲಿದೆ ಎಂದು 1915ರಿಂದ ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ರಾಜ ಹೇಳುವುದು ಮಾತ್ರ ಬೇರೆ: ಪ್ರಯತ್ನಪಟ್ಟರೆ ಇದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ ಎಂದು. ಅವನು ಹೇಳಿದ್ದು ಧರ್ಮದ ಬಗ್ಗೆ. ಇರಲಿ, ಮಾತು ಎಲ್ಲಿಗೋ ಹೋಯಿತು.

ಮಾಂಸಖಂಡದ ವಿಷಯಕ್ಕೆ ಬರುತ್ತೇನೆ. ಹೆಂಗಸರ ಪುಸ್ತಕದಲ್ಲಿ ಮಾಂಸಖಂಡವೇ ಎಂದು ಮೂಗು ಮುರಿಯಬೇಡಿ. ನಮ್ಮಲ್ಲಿ ಅದು ಗಂಡಸರ ಸೊತ್ತು, ಗರಡಿಮನೆಯ ವಿಷಯ, ಸಿನಿಮಾ ಪೋಸ್ಟರಿನ ವಿಷಯ. ಹೆಂಗಸಿಗೆ ಇರುವುದು ಮೈ, ಮೈಬಣ್ಣ, ಮೈತೂಕ. ಆದರೆ ನಲವತ್ತರ ಆಸುಪಾಸಿನಿಂದ ಎಲ್ಲರ ಮೈಯಲ್ಲೂ ಮಾಂಸಖಂಡ ಸ್ವಲ್ಪಸ್ವಲ್ಪವೇ ಕರಗತೊಡಗುತ್ತದೆ, ಅರವತ್ತರ ನಂತರ ಬೇಗಬೇಗ. ಶಕ್ತಿ ಅದಕ್ಕಿಂತ ವೇಗವಾಗಿ ಹೋಗುತ್ತದೆ. ಇದಕ್ಕೊಂದು ಹೆಸರೇ ಇರಲಿಲ್ಲ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಗ್ರೀಕ್ ಭಾಷೆಯ ಎರಡು ಪದ ಕೂಡಿಸಿ ‘ಸಾರ್ಕೋಪೀನಿಯಾ’ ಎಂದು ಕರೆದರು. ಮಾಂಸದ ಕೊರತೆ ಎಂದು ಅರ್ಥ. ಹೆಸರಿಲ್ಲದ ರೋಗಕ್ಕೆ ಯಾರೂ ಮದ್ದು ಹುಡುಕುವುದಿಲ್ಲ, ಅದನ್ನು ‘ವಯಸ್ಸು’ ಎಂದು ಕರೆದು ಸುಮ್ಮನಾಗುತ್ತಾರೆ. ನಮ್ಮಲ್ಲಿ ಇವತ್ತಿಗೂ ಹಾಗೆಯೇ ಕರೆಯುತ್ತಾರೆ.

ಕರಗಿದರೆ ಕರಗಲಿ, ಈ ವಯಸ್ಸಿನಲ್ಲಿ ಯಾರನ್ನು ಕುಸ್ತಿಯಲ್ಲಿ ಕೆಡವಬೇಕಾಗಿದೆ ಎನ್ನುತ್ತೀರಾ? ಸಿಂಧನೂರಿನವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಬರುತ್ತವೆ. ರೈಸ್ ಮಿಲ್ಲಿನ ಗೋದಾಮಿನಲ್ಲಿ ಜಾಗವಿದ್ದರೆ ಸರಸರನೆ ಒಳಗೆ ಇಳಿಯುತ್ತದೆ. ಗೋದಾಮು ಸಣ್ಣದಾದರೆ ಲಾರಿಗಳು ರಸ್ತೆಯ ಮೇಲೇ ಸಾಲುಗಟ್ಟಿ ನಿಲ್ಲುತ್ತವೆ, ಊರಿಗೆ ಊರೇ ಸಿಕ್ಕಿಬೀಳುತ್ತದೆ. ನಾವು ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದರ ದೊಡ್ಡ ಪಾಲು ಇಳಿಯಬೇಕಾದ ಗೋದಾಮು ನಮ್ಮ ಮಾಂಸಖಂಡ. ಅದು ಸಣ್ಣದಾಯಿತೋ, ಕೆಲಸವಿಲ್ಲದೆ ಬಾಗಿಲು ಹಾಕಿಕೊಂಡಿತೋ, ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. ನಾವು ರಸ್ತೆಯ ಮೇಲಿನ ಲಾರಿ ಎಣಿಸುತ್ತೇವೆ, ಅದೇ ಶುಗರ್ ಟೆಸ್ಟು. ಗೋದಾಮಿನ ಕಡೆ ಯಾರೂ ನೋಡುವುದಿಲ್ಲ. ಇನ್ನೂ ಒಂದು ಸೋಜಿಗವೆಂದರೆ, ಮಾಂಸಖಂಡ ದುಡಿಯುವಾಗ ಇನ್ಸುಲಿನ್ ಚಾವಿ ತಿರುಗಿಸದೆಯೇ ಸಕ್ಕರೆಗೆ ಬಾಗಿಲು ತೆರೆಯುತ್ತದೆ. ಅಂದರೆ ಶುಗರಿನವರಿಗೆ ಕಾಲಿನ ದುಡಿಮೆ ಎಂದರೆ ಹಿಂಬಾಗಿಲು ಸಿಕ್ಕ ಹಾಗೆ.

‘ನಾನು ದಪ್ಪ ಇಲ್ಲಲ್ಲ, ನನಗೇಕೆ ಶುಗರು ಬಂತು?’ ಎಂದು ಕೇಳದ ಹೆಂಗಸಿಲ್ಲ. ಇದಕ್ಕೆ ಉತ್ತರ ಪುಣೆಯಿಂದ ಬಂದಿದೆ. ಅಲ್ಲಿನ ಡಾಕ್ಟರ್ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ನರೂ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, 22.3. ಆದರೆ ಮೈಯಲ್ಲಿದ್ದ ಕೊಬ್ಬು ಆ ಲಂಡನ್ನಿನವರಲ್ಲಿ ನೂರಕ್ಕೆ 9.1, ನಮ್ಮವರಲ್ಲಿ 21.2. ನೋಡಲು ಸಣ್ಣ, ಒಳಗೆ ದಪ್ಪ. ನಾವು ಹುಟ್ಟುವಾಗಲೇ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು ಹೊತ್ತು ಬರುತ್ತೇವೆ ಎಂದು ಯಾಜ್ಞಿಕರ ವಾದ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ದಾಖಲೆ ಇಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಹುಡುಕಿ ಪರೀಕ್ಷೆ ಮಾಡಿ 1996ರಲ್ಲಿ ಪ್ರಕಟಿಸಿದರು: ಸಣ್ಣದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಬಸುರಿಗೆ ಕೊನೆಯ ಪಂಕ್ತಿಯಲ್ಲಿ ಉಳಿದದ್ದನ್ನು ಬಡಿಸುವ ಮನೆಗಳು ಈ ಲೆಕ್ಕವನ್ನು ನೋಡಬೇಕು. ಆ ತಟ್ಟೆಯ ಸಾಲವನ್ನು ಮಗು ಐವತ್ತು ವರ್ಷದ ನಂತರ ತೀರಿಸುತ್ತದೆ.

ಈಗ ನನ್ನ ದೊಡ್ಡವ್ವನ ಕಥೆ. ಲಿಂಗಸುಗೂರಿನವಳು. ಅರವತ್ತೆಂಟರಲ್ಲೂ ಮಸ್ಕಿಯ ಮಲ್ಲಯ್ಯನ ಗುಡ್ಡದ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಿದ್ದಳು. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವ ಗುಂಪಿನಲ್ಲಿ ಎರಡು ಸಲ ಹೋಗಿ ಬಂದವಳು. ಎಪ್ಪತ್ತೊಂದನೆಯ ವರ್ಷ ಅವಳಿಗೆ ಜೋರು ಜ್ವರ ಬಂತು. ಒಂದು ನರ್ಸಿಂಗ್ ಹೋಮಿನಲ್ಲಿ ಎಂಟು ದಿನ ಮಲಗಿಸಿದರು. ಜ್ವರ ಬಿಟ್ಟಿತು. ಮನೆಗೆ ಕಳಿಸುವಾಗ ‘ಒಂದ್ ತಿಂಗಳು ಪೂರ್ತಿ ರೆಸ್ಟ್, ಏಳಸಬ್ಯಾಡ್ರಿ’ ಎಂದು ಹೇಳಿ ಕಳಿಸಿದರು. ಸೊಸೆ ಚಿನ್ನದಂಥವಳು. ಅಕ್ಷರಶಃ ಪಾಲಿಸಿದಳು. ಮಂಚದ ಮೇಲೇ ಊಟ, ಮಂಚದ ಪಕ್ಕವೇ ಎಲ್ಲ. ತಿಂಗಳಾದ ಮೇಲೆ ದೊಡ್ಡವ್ವ ಏಳಲು ಹೋದರೆ ಕಾಲು ನಿಲ್ಲಲಿಲ್ಲ. ತೊಡೆ ನೋಡಿದರೆ ಎರಡು ಕೋಲು. ‘ನಿಶ್ಶಕ್ತಿ’ ಎಂದು ಮತ್ತೆ ಆಸ್ಪತ್ರೆ, ಮತ್ತೆ ಸಲಾಯಿನ್, ಮತ್ತೆ ರೆಸ್ಟ್. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದಳು. ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ಮುರಿಯಿತು. ನಾಲ್ಕು ತಿಂಗಳು ಬದುಕಿದ್ದಳು. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಆಡಿದರು: ‘ವಯಸ್ಸಾಗಿತ್ತು ಬಿಡ್ರಿ.’

ವಯಸ್ಸಾಗಿತ್ತು, ನಿಜ. ಆದರೆ ಹಿಂದಿನ ವರ್ಷವೂ ವಯಸ್ಸಾಗಿತ್ತಲ್ಲ, ಆಗ ಗುಡ್ಡ ಹತ್ತಿದ್ದಳಲ್ಲ? 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐದು ಜನ ಗಟ್ಟಿಮುಟ್ಟಾದ ಹುಡುಗರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿ ನೋಡಿದರು. ಮೂವತ್ತು ವರ್ಷದ ನಂತರ ಅದೇ ಐವರನ್ನು ಕರೆಸಿ ಮತ್ತೆ ಅಳೆದರು. ದುಡಿಯುವ ಶಕ್ತಿಯಲ್ಲಿ ಮೂವತ್ತು ವರ್ಷದ ಮುಪ್ಪು ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ಆ ಮೂರು ವಾರದ ಹಾಸಿಗೆ ಮಾಡಿತ್ತು! ಇಪ್ಪತ್ತರ ಹುಡುಗರ ಗತಿಯೇ ಇದಾದರೆ ಎಪ್ಪತ್ತೊಂದರ ಹೆಂಗಸಿನ ಗತಿ ಏನು? 2007ರಲ್ಲಿ ಆರೋಗ್ಯವಂತ ವೃದ್ಧರನ್ನು ಬರೀ ಹತ್ತು ದಿನ ಮಲಗಿಸಿ ನೋಡಿದರೆ ಕಾಲುಗಳ ಮಾಂಸವೇ ಸುಮಾರು ಒಂದು ಕಿಲೋ ಇಳಿದಿತ್ತು. ಮಲಗಬೇಕಾದ ರೋಗಗಳಿವೆ, ಇಲ್ಲವೆಂದವರಾರು? ಆದರೆ ‘ರೆಸ್ಟ್’ ಎಂದು ಚೀಟಿ ಬರೆಯುವವರು ಅದು ಎಷ್ಟು ದಿನಕ್ಕೆ, ಯಾವಾಗ ಏಳಿಸಬೇಕು, ಹೇಗೆ ಏಳಿಸಬೇಕು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಯಬೇಕು. ಗುಳಿಗೆಗೆ ದಿನಕ್ಕೆ ಎಷ್ಟು ಎಂದು ಬರೆಯುತ್ತಾರಲ್ಲ, ಹಾಸಿಗೆಗೂ ಬರೆಯಲಿ.

ಸಲಾಯಿನ್ ಎಂದೆನಲ್ಲ, ಅದಕ್ಕೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಕಡೆ ಹೆಂಗಸರು ‘ಭಾಳ ನಿಶ್ಶಕ್ತಿ ಆಗಿತ್ತು, ಎರಡು ಬಾಟ್ಲಿ ಹಚ್ಚಿಸ್ಕೊಂಡು ಬಂದೆ’ ಎಂದು ಜಾತ್ರೆಯಲ್ಲಿ ಬಳೆ ಇಡಿಸಿಕೊಂಡು ಬಂದವರ ಹಾಗೆ ಹೇಳುತ್ತಾರೆ. ಅರ್ಧ ಲೀಟರಿನ ಗ್ಲುಕೋಸ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಚಹಾದ ಚಮಚೆಯಲ್ಲಿ ಐದಾರು ಚಮಚೆ. ಉಪ್ಪುನೀರಿನ ಬಾಟ್ಲಿಯಾದರೆ ನಾಲ್ಕೂವರೆ ಗ್ರಾಂ ಉಪ್ಪು, ಒಂದು ಚಮಚೆಯೂ ತುಂಬದು. ವಾಂತಿಭೇದಿಯಾಗಿ ನೀರು ಕಳಕೊಂಡವರಿಗೆ ಅದು ಜೀವ ಉಳಿಸುವ ನೀರು. ಕಾಲಲ್ಲಿ ಬಲವಿಲ್ಲದವಳಿಗೆ ಅದರಿಂದ ಏನೂ ಬರದು. ಮೂರು ತಾಸು ಮಲಗಿ, ರೊಕ್ಕ ಕೊಟ್ಟು, ಶರಬತ್ತನ್ನು ರಕ್ತನಾಳದಿಂದ ಕುಡಿದು ಬಂದ ಹಾಗೆ. ಕೇಳುವವರು ಇರುವುದರಿಂದ ಹಚ್ಚುವವರಿದ್ದಾರೆ, ಹಚ್ಚುವವರು ಇರುವುದರಿಂದ ಕೇಳುವವರಿದ್ದಾರೆ.

‘ಈ ವಯಸ್ಸಿನಲ್ಲಿ ಇನ್ನು ಏನು ಬಲ ಬರತೈತಿ’ ಎನ್ನುವವರಿಗೆ ಒಂದು ಸಂಗತಿ. 1990ರಲ್ಲಿ ಬಾಸ್ಟನ್ ನಗರದ ಒಂದು ವೃದ್ಧಾಶ್ರಮದಲ್ಲಿ ಮಾರಿಯಾ ಫಿಯಾಟರೋನ್ ಎಂಬ ಡಾಕ್ಟರಮ್ಮ ತೊಂಬತ್ತರ ಆಸುಪಾಸಿನ ಹತ್ತು ಜನರನ್ನು ಆರಿಸಿ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಳು. ಗೊಂಬೆಯಾಟದ ಭಾರವಲ್ಲ, ಅವರವರ ಶಕ್ತಿಗೆ ಮೀಸಲಾದ ನಿಜವಾದ ಭಾರ. ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತು. ಇಬ್ಬರು ಊರುಗೋಲನ್ನು ಬಿಟ್ಟರು. ತೊಂಬತ್ತರಲ್ಲಿ! ನಮ್ಮಲ್ಲಿ ಅರವತ್ತಕ್ಕೇ ಅರಳು ಮರಳು ಎಂದು ಗಾದೆ ಕಟ್ಟಿ ಮೂಲೆಗೆ ಕೂಡಿಸಿದ್ದೇವೆ. ಇನ್ನೊಂದು, 2015ರಲ್ಲಿ ಹೊರಬಂದದ್ದು: ಹದಿನೇಳು ದೇಶಗಳ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಜನರ ಕೈಹಿಡಿತದ ಬಲವನ್ನು ಅಳೆದು, ವರ್ಷಗಟ್ಟಲೆ ಕಾದು ನೋಡಿದರು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದರಲ್ಲಿದ್ದರು. ಯಾರು ಬೇಗ ಸಾಯುತ್ತಾರೆ ಎಂಬುದನ್ನು ರಕ್ತದೊತ್ತಡದ ಮೇಲಿನ ಅಂಕೆಗಿಂತ ಕೈಹಿಡಿತ ಚೆನ್ನಾಗಿ ಹೇಳಿತು. ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ತೆರೆಯಲು ಮೊಮ್ಮಗನನ್ನು ಕರೆಯುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿರಿ.

ಇಷ್ಟು ಹೇಳಿದ ಮೇಲೆ ಗೆಳತಿಯರು ನನ್ನ ಮೇಲೆ ಬೀಳುತ್ತಾರೆ: ‘ನಾವೇನು ಕುಂತೀವೇನ್ರಿ ಟೀಚರ್? ಬೆಳಗಾದ್ರ ಕಸ, ಮುಸುರಿ, ಅಡಿಗಿ. ಅದು ವ್ಯಾಯಾಮ ಅಲ್ಲೇನು?’ ದಣಿವು ಬೇರೆ, ವ್ಯಾಯಾಮ ಬೇರೆ. ಗ್ಯಾಸಿನ ಕಟ್ಟೆಯ ಮುಂದೆ ಮೂರು ತಾಸು ನಿಂತರೆ ಕಾಲು ಬಾಯುತ್ತದೆ, ಬಲ ಬರುವುದಿಲ್ಲ. ಮಾಂಸಖಂಡ ಬೆಳೆಯಬೇಕಾದರೆ ನಿನ್ನೆಯದಕ್ಕಿಂತ ಇವತ್ತು ಒಂದು ಕೂದಲೆಳೆ ಹೆಚ್ಚು ಭಾರ ಬೇಕು. ಅದೇ ಚಪಾತಿ, ಅದೇ ಲಟ್ಟಣಿಗೆಯಿಂದ ಅದು ಸಿಗದು. ಹಾಗೆಂದು ಬೀಸುಕಲ್ಲು, ಒನಕೆ ವಾಪಸು ತನ್ನಿರಿ ಎಂದು ಉಪದೇಶ ಮಾಡುವ ಗಂಡಸರ ಪಂಗಡಕ್ಕೆ ನಾನು ಸೇರಿದವಳಲ್ಲ. ನನ್ನ ಅವ್ವ ನಸುಕಿನಲ್ಲಿ ಬೀಸಿದ್ದನ್ನು ಕಂಡಿದ್ದೇನೆ. ಮಿಕ್ಸರನ್ನು ಕಂಡುಹಿಡಿದವರಿಗೆ ನನ್ನ ನಮಸ್ಕಾರ. ನಾನು ಕೇಳುವುದಿಷ್ಟೇ, ಮಿಕ್ಸರು ಉಳಿಸಿಕೊಟ್ಟ ಆ ಒಂದು ತಾಸು ಎಲ್ಲಿ ಹೋಯಿತು? ಧಾರಾವಾಹಿಗೆ ಹೋಯಿತು ಎಂದು ನಮ್ಮನ್ನು ಹಂಗಿಸುತ್ತಾರೆ. ಬಹಳ ಮನೆಗಳಲ್ಲಿ ಅದು ಇನ್ನೊಂದು ಬಗೆಯ ಅಡಿಗೆಗೆ ಹೋಯಿತು ಎಂದು ನನಗೆ ಗೊತ್ತಿದೆ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಒಮ್ಮೆ ಅಂದಳು: ‘ನೀವು ನಡೀಲಿಕ್ಕಂತ ಹೋಗ್ತೀರಿ ಅಕ್ಕಾರ, ನಾ ನಡಕೊಂತ ಬರ್ತೀನಿ.’ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಅವಳು ನಾಟಿಗೆ ಹೋಗುತ್ತಾಳೆ. ಇಡೀ ದಿನ ಕೆಸರಿನಲ್ಲಿ ಬಗ್ಗಿ ನಿಂತು ಸಂಜೆಗೆ ಸೊಂಟ ಹಿಡಿದುಕೊಂಡು ಬರುತ್ತಾಳೆ. ಅವಳಿಗೆ ವ್ಯಾಯಾಮದ ಪಾಠ ಹೇಳುವುದಕ್ಕಿಂತ ಅವಮಾನ ಬೇರೆ ಇಲ್ಲ. ಅವಳಿಗೆ ಬೇಕಾದದ್ದು ಕೂಲಿ, ರಜೆ, ಹೊಟ್ಟೆ ತುಂಬ ಕಾಳು. ನಾನು ಬರೆಯುತ್ತಿರುವುದು ನನ್ನಂಥವರಿಗೆ, ಕುರ್ಚಿ ಸಿಕ್ಕವರಿಗೆ. ದೇಶದಲ್ಲಿ ಬೇಕಾದಷ್ಟು ಮೈ ಆಡಿಸದ ಹೆಂಗಸರು 2022ರಲ್ಲಿ ನೂರಕ್ಕೆ 57, ಗಂಡಸರು 42 ಎಂದು ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕ ಕೊಟ್ಟಿದ್ದಾರೆ. ಈ ಅಂತರ ನಮ್ಮ ಸೋಮಾರಿತನದಿಂದ ಬಂದದ್ದೆಂದು ನಾನು ಒಪ್ಪುವುದಿಲ್ಲ. ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಏಳು ಗಂಟೆಯ ಮೇಲೆ ನಡೆಯಲಾಗದು, ಏಳರ ಒಳಗೆ ಮನೆಯ ಚಹಾ ನಾಷ್ಟಾ ಬಿಡಲಾಗದು. ಕತ್ತಲಲ್ಲಿ ಹೋದರೆ ನಾಯಿ, ಬೆಳಕಲ್ಲಿ ಹೋದರೆ ನೋಡುವ ಕಣ್ಣು. ಫುಟ್‌ಪಾತಿನ ಮೇಲೆ ಬಂಡಿ, ಮೋಟರ್ ಸೈಕಲ್ಲು. ಶ್ರೀಶೈಲಕ್ಕೆ ನಡೆದು ಹೋಗುತ್ತೇನೆಂದರೆ ಊರೇ ಕೈಮುಗಿದು ದಾರಿಯುದ್ದಕ್ಕೂ ಊಟಕ್ಕಿಡುತ್ತದೆ. ಅಂಬಾಮಠದ ಜಾತ್ರೆಗೆ ನಡೆದರೂ ಹಾಗೆಯೇ. ಅದೇ ಹೆಂಗಸು ತನಗಾಗಿ ಬಸ್‌ಸ್ಟ್ಯಾಂಡಿನವರೆಗೆ ಸುಮ್ಮನೆ ನಡೆದು ಬಂದರೆ ‘ಎಲ್ಲಿಗೆ ಹೋಗಿದ್ದೆ?’

ಇನ್ನು ಊಟದ ಮಾತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆಗಿ ಈ ಭಾಗದ ಹೊಲ ಗದ್ದೆಯಾಯಿತು. ಜೋಳದ ಊರುಗಳು ಸೋನಾ ಮಸೂರಿಯ ಊರುಗಳಾದವು. ಅದರಿಂದ ಉದ್ಧಾರವಾದದ್ದು ನಿಜ. ಆದರೆ ರೊಟ್ಟಿ, ಪುಂಡಿಪಲ್ಯ, ಕಾಳಿನ ಪಲ್ಯ, ಶೇಂಗಾ ಹಿಂಡಿ ಇದ್ದ ತಟ್ಟೆಯಲ್ಲಿ ಈಗ ಗುಡ್ಡದಷ್ಟು ಬಿಳಿ ಅನ್ನ, ಮೇಲೆ ತಿಳಿಸಾರು. ವಯಸ್ಸಾದವಳು ‘ಹಲ್ಲಿಲ್ಲ, ಅರಗೂದಿಲ್ಲ’ ಎಂದು ಅದನ್ನೂ ಮಜ್ಜಿಗೆಯಲ್ಲಿ ಕಲಸಿಕೊಳ್ಳುತ್ತಾಳೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಲೆಕ್ಕದಂತೆ ಅರವತ್ತು ಕಿಲೋ ತೂಕದವಳಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು ಬೇಕೆಂದು ಹೇಳುವ ತಜ್ಞರಿದ್ದಾರೆ. ಒಂದು ಹಿಡಿ ಶೇಂಗಾದಲ್ಲಿ ಏಳು ಗ್ರಾಂ, ಒಂದು ತತ್ತಿಯಲ್ಲಿ ಆರು. ಲೆಕ್ಕ ನೀವೇ ಹಾಕಿರಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ಸರಕಾರದ ಮೇಲೂ ನನ್ನ ತಕರಾರಿದೆ. ಮೂವತ್ತು ದಾಟಿದವರ ಶುಗರು, ಬಿ.ಪಿ. ನೋಡುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಅದೇ ಹೊತ್ತಿಗೆ ವೃದ್ಧರ ಆರೋಗ್ಯಕ್ಕೆಂದೂ ಒಂದು ಕಾರ್ಯಕ್ರಮ ಹುಟ್ಟಿತು. ಒಳ್ಳೆಯದೇ. ನಾನು ಎಷ್ಟೋ ಶಿಬಿರಗಳಲ್ಲಿ ಬೆರಳು ಚುಚ್ಚಿಸಿಕೊಂಡಿದ್ದೇನೆ, ತೋಳಿಗೆ ಪಟ್ಟಿ ಕಟ್ಟಿಸಿಕೊಂಡಿದ್ದೇನೆ. ಒಬ್ಬರಾದರೂ ‘ಅಮ್ಮಾ, ಕೈ ಕಟ್ಟಿಕೊಂಡು ಈ ಕುರ್ಚಿಯಿಂದ ಐದು ಸಲ ಎದ್ದು ಕೂತು ತೋರಿಸ್ರಿ’ ಎಂದು ಕೇಳಿಲ್ಲ. ಏಷ್ಯಾದ ತಜ್ಞರು 2019ರಲ್ಲಿ ಹೇಳಿದ ಪರೀಕ್ಷೆ ಅದು. ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದು ಲೆಕ್ಕ. ಸೂಜಿ ಬೇಡ, ಮಶೀನು ಬೇಡ, ಒಂದು ಕುರ್ಚಿ, ಒಂದು ಗಡಿಯಾರ. ಖರ್ಚಿಲ್ಲದ ಪರೀಕ್ಷೆಗೆ ಬೆಲೆ ಇಲ್ಲವೇನೋ! ಚೆನ್ನೈನ ಡಾಕ್ಟರ್ ರಾಮಚಂದ್ರನ್ ಮತ್ತವರ ತಂಡ 2006ರಲ್ಲಿ ತೋರಿಸಿದ್ದೂ ಇದೇ ಜಾತಿಯದು. ಶುಗರಿನ ಅಂಚಿನಲ್ಲಿದ್ದ ಐದುನೂರಕ್ಕೂ ಹೆಚ್ಚು ಜನರಲ್ಲಿ ನಡಿಗೆ ಮತ್ತು ಊಟದ ಹಿಡಿತ ಕಾಯಿಲೆಯನ್ನು ತಡೆದದ್ದು ನೂರಕ್ಕೆ ಸುಮಾರು 28, ಮೆಟ್‌ಫಾರ್ಮಿನ್ ಗುಳಿಗೆ ತಡೆದದ್ದು 26. ಎರಡೂ ಕೂಡಿಸಿದರೆ ಹೆಚ್ಚೇನೂ ಆಗಲಿಲ್ಲ. ಗುಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಸಿಗಲಿ. ನಡೆಯಲು ಜಾಗ ಯಾವ ಕೌಂಟರಿನಲ್ಲಿ ಕೊಡುತ್ತಾರೆ? ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವರು ಇದ್ದಾರೆಯೇ, ಯಾವ ದಿನ ಸಿಗುತ್ತಾರೆ ಎಂದು ಹೋಗಿ ಕೇಳಿ. ಕೇಳುವವರ ಸಾಲು ಉದ್ದವಾದರೆ ಉತ್ತರ ಹೊರಡಲೇಬೇಕು. ಶಾಲೆಯ ಮೈದಾನದ ಗೇಟನ್ನು ಬೆಳಗಿನ ಐದೂವರೆಗೆ ಹೆಂಗಸರಿಗೆಂದು ಒಂದು ತಾಸು ತೆಗೆಯಲು ಯಾವ ಅನುದಾನವೂ ಬೇಕಿಲ್ಲ, ಒಂದು ಚಾವಿ ಸಾಕು.

ವಾಕಿಂಗ್ ಒಂದೇ ಸಾಕು ಎಂದು ನಂಬಿದವರಿಗೂ ಹೇಳಬೇಕು: ಹೃದಯಕ್ಕೆ ಒಳ್ಳೆಯದು, ಶುಗರಿಗೆ ಒಳ್ಳೆಯದು, ಆದರೆ ತೊಡೆ, ತೋಳಿಗೆ ಅದು ಸಾಲದು. ವಾರಕ್ಕೆ ಎರಡು ದಿನವಾದರೂ ಭಾರದ ಕೆಲಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅರವತ್ತೈದು ದಾಟಿದವರಿಗೆ ಬೀಳದಂತೆ ತೋಲ ಕಾಯುವ ಅಭ್ಯಾಸ ಮೂರು ದಿನ. ಮಂಡಿ ಸವೆದಿದೆ, ನಮಗಾಗದು ಎನ್ನುವವರೇ, ಸವೆದ ಮಂಡಿಗೆ ವ್ಯಾಯಾಮವೇ ಮೊದಲ ಮದ್ದು ಎಂದು ಈಗ ಮೂಳೆಯ ಡಾಕ್ಟರುಗಳೇ ಬರೆಯುತ್ತಾರೆ. ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಮಾಂಸ. ಎದೆನೋವು, ತಲೆಸುತ್ತು ಇದ್ದವರು ಮೊದಲು ತೋರಿಸಿಕೊಂಡು ಶುರುಮಾಡಲಿ, ಅಷ್ಟೇ.

ನಮ್ಮ ಓಣಿಯ ಎಂಟು ಜನ ಹೆಂಗಸರು ಸೋಮವಾರ, ಗುರುವಾರ ನಮ್ಮ ಮಾಳಿಗೆಯ ಮೇಲೆ ಸೇರುತ್ತೇವೆ. ಕುರ್ಚಿಗೆ ಅಲ್ಲೂ ಕೆಲಸವಿದೆ. ಅದರಿಂದ ಹತ್ತು ಸಲ ಏಳುವುದು, ಹತ್ತು ಸಲ ಕೂಡುವುದು. ಎರಡೆರಡು ಲೀಟರಿನ ನೀರಿನ ಬಾಟ್ಲಿ ಎರಡೂ ಕೈಯಲ್ಲಿ. ಗೋಡೆಗೆ ಕೈಯೂರಿ ದಂಡ. ಒಂದೇ ಕಾಲಿನ ಮೇಲೆ ನಿಂತು ಇಪ್ಪತ್ತು ಎಣಿಸುವುದು, ಪಕ್ಕದವಳ ಹೆಗಲು ಮುಟ್ಟುವಷ್ಟು ಹತ್ತಿರ. ತಿಂಗಳಾದ ಮೇಲೆ ಐದು ಕಿಲೋ ನುಚ್ಚಿನ ಚೀಲ ಬಂತು, ಈಗ ಹತ್ತು ಕಿಲೋದ್ದು. ಸೀರೆ ಉಟ್ಟವರು ಕಚ್ಚೆ ಕಟ್ಟಿ ಮಾಡುತ್ತಾರೆ, ಚೂಡಿದಾರದವರು ಹಾಗೆಯೇ. ಎಪ್ಪತ್ತೆರಡರ ಒಬ್ಬರು ಹೋದ ಯುಗಾದಿಗೆ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಂಡು, ಕೈಯೂರದೆ ಎದ್ದರು. ಮೊಮ್ಮಕ್ಕಳು ಚಪ್ಪಾಳೆ ಹೊಡೆದವಂತೆ. ಎಂಟರಲ್ಲಿ ಒಬ್ಬರು ಈಗ ಎರಡು ವಾರದಿಂದ ಬಂದಿಲ್ಲ. ಮಗ ಬೆಂಗಳೂರಿನಿಂದ ಫೋನು ಮಾಡಿ ‘ಈ ವಯಸ್ಸಿನಾಗ ಭಾರ ಎತ್ತಿ ಏನರ ಆದ್ರ ಯಾರು ನೋಡಬೇಕು’ ಎಂದು ಬೈದನಂತೆ. ಆ ಹುಡುಗ ನನ್ನ ಹತ್ತನೇ ಈಯತ್ತೆಯ ವಿದ್ಯಾರ್ಥಿ. ಫೋನ್ ನಂಬರು ತೆಗೆದುಕೊಂಡಿದ್ದೇನೆ.